ಒಣಹುಲ್ಲು ಮೇಯುವ ದನಕ್ಕೆ ಹಿಂಡಿ: ಎಷ್ಟು, ಯಾವಾಗ, ಹೇಗೆ

ಮೊಣಕಾಲು ಮುಚ್ಚುವಷ್ಟು ಒಣಹುಲ್ಲು ನಿಂತಿರುತ್ತದೆ. ದನ ಅದರ ನಡುವೆಯೇ ಬಡಕಲಾಗುತ್ತಿರುತ್ತದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಮೇದು ನೆರಳಿಗೆ ಹೋಗಿ ಮಲಗಿಬಿಡುತ್ತದೆ. ಹೊಟ್ಟೆ ನೋಡಿದರೆ ತುಂಬಿದ ಹಾಗೇ ಕಾಣುತ್ತದೆ, ಬೆನ್ನುಮೂಳೆ ಮಾತ್ರ ವಾರದಿಂದ ವಾರಕ್ಕೆ ಎದ್ದು ಕಾಣುತ್ತದೆ. ಹುಲ್ಲು ಇಷ್ಟೊಂದಿದೆ, ಇದಕ್ಕೇನಾಗಿದೆ ಅಂತ ನಾವು ತಲೆ ಕೆರೆದುಕೊಳ್ಳುತ್ತೇವೆ. ಬಹಳ ಸಲ ಜಂತುವಿನ ಔಷಧಿ ಹಾಕಿಸುತ್ತೇವೆ. ಅದೂ ಒಂದು ಕಾರಣ ಇರಬಹುದು. ಆದರೆ ಬೇಸಿಗೆಯಲ್ಲಿ ಇಡೀ ಮಂದೆಯೇ ಹೀಗಾದರೆ, ಮೊದಲು ಅನುಮಾನ ಪಡಬೇಕಾದ್ದು ಪ್ರೋಟೀನ್ ಕೊರತೆಯನ್ನು.

ಹೊಟ್ಟೆಯೊಳಗೆ ನಡೆಯುವುದೇನು

ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿಗೆ ಇಲ್ಲ. ಆ ಕೆಲಸ ಮಾಡುವುದು ಅದರ ದೊಡ್ಡ ಹೊಟ್ಟೆಯಲ್ಲಿ, ಅಂದರೆ ರುಮೆನ್‌ನಲ್ಲಿ, ಇರುವ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು. ಅವಕ್ಕೆ ಹುಲ್ಲಿನಿಂದ ಶಕ್ತಿ ಸಿಗುತ್ತದೆ. ಆದರೆ ಮರಿ ಹಾಕಿ ಹೆಚ್ಚಬೇಕಾದರೆ ಸಾರಜನಕ ಬೇಕು. ಅದು ಬರುವುದು ಮೇವಿನ ಪ್ರೋಟೀನಿನಿಂದ.

ಎಳೆ ಹುಲ್ಲಿನಲ್ಲಿ ಪ್ರೋಟೀನ್ ಬೇಕಾದಷ್ಟಿರುತ್ತದೆ. ಹುಲ್ಲು ಬಲಿತು, ಬೀಜ ಕಟ್ಟಿ, ಒಣಗಿದಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಮೇವಿನ ಒಣ ತೂಕದಲ್ಲಿ (ನೀರಿನಂಶ ಕಳೆದು ಉಳಿಯುವ ತೂಕ) ಕಚ್ಚಾ ಪ್ರೋಟೀನ್, ಅಂದರೆ ಸಾರಜನಕ ಅಳೆದು ಲೆಕ್ಕ ಹಾಕುವ ಪ್ರೋಟೀನ್, ಸುಮಾರು ಶೇ. 7ಕ್ಕಿಂತ ಕೆಳಗಿಳಿದರೆ ಸೂಕ್ಷ್ಮಜೀವಿಗಳಿಗೇ ಉಪವಾಸ. ಅವು ಕಡಿಮೆಯಾದರೆ ನಾರು ಬೇಗ ಮುರಿಯುವುದಿಲ್ಲ. ಮುರಿಯದ ನಾರು ಮುಂದಕ್ಕೂ ಸಾಗುವುದಿಲ್ಲ, ದಿನಗಟ್ಟಲೆ ಅಲ್ಲೇ ಕೂತಿರುತ್ತದೆ. ಹೊಟ್ಟೆ ಖಾಲಿಯಾಗದೆ ಹಸು ಮತ್ತೆ ಬಾಯಿ ಹಾಕುವುದಾದರೂ ಹೇಗೆ?

ಈಗ ಇದೇ ಹಸುವಿಗೆ ಅರ್ಧ ಕೆಜಿ ಒಳ್ಳೆ ಹಿಂಡಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ನಾರು ಬೇಗ ಒಡೆಯುತ್ತದೆ, ಒಡೆದದ್ದು ಮುಂದೆ ಸಾಗುತ್ತದೆ, ಹೊಟ್ಟೆಯಲ್ಲಿ ಜಾಗವಾಗುತ್ತದೆ. ಹಸು ಎದ್ದು ಹೋಗಿ ಮತ್ತೆ ಹುಲ್ಲು ಮೇಯುತ್ತದೆ. ಜೊತೆಗೆ ಆ ಸೂಕ್ಷ್ಮಜೀವಿಗಳೇ ಕೊನೆಗೆ ಕರುಳಿಗೆ ಇಳಿದು ಹಸುವಿಗೆ ಪ್ರೋಟೀನ್ ಆಗುತ್ತವೆ. ಹಾಗಾಗಿ ಇಲ್ಲಿ ಹಿಂಡಿ ಕೊಡುವುದು ಹೊಟ್ಟೆ ತುಂಬಿಸೋಕಲ್ಲ, ಹೊಟ್ಟೆಯಲ್ಲಿ ಜಾಗ ಮಾಡಿಸೋಕೆ. ಈ ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಲೆಕ್ಕವೆಲ್ಲ ಸುಲಭ.

ಹೆಜ್ಜೆ 1: ಕೊರತೆ ಪ್ರೋಟೀನಿನದ್ದೇನಾ ಅಂತ ನೋಡಿ

ಖರ್ಚಿಲ್ಲದ ಪರೀಕ್ಷೆ ಸಗಣಿ. ಬೆಳಿಗ್ಗೆ ದನ ಎದ್ದ ಮೇಲೆ ಒಂದು ಸುತ್ತು ಹಾಕಿ, ಹೊಸ ಸಗಣಿ ಎಂಟು ಹತ್ತು ಕಡೆ ನೋಡಿ. ಚೆನ್ನಾಗಿ ಜೀರ್ಣವಾಗುತ್ತಿದ್ದರೆ ಸಗಣಿ ಅಗಲವಾಗಿ ಹರಡಿ, ನಡುವೆ ಸ್ವಲ್ಪ ತಗ್ಗಾಗಿ, ಮೇಲೆ ಮೃದುವಾದ ಮಡಿಕೆ ಇರುತ್ತದೆ. ಪ್ರೋಟೀನ್ ಸಾಲದಾಗ ಗಟ್ಟಿಯಾಗಿ, ಒಂದರ ಮೇಲೊಂದು ಬಳೆ ಪೇರಿಸಿಟ್ಟ ಹಾಗೆ ಎತ್ತರಕ್ಕೆ ಕೂತಿರುತ್ತದೆ. ಕೋಲಿನಿಂದ ಒಡೆದು ನೋಡಿ. ಒಳಗೆ ಉದ್ದುದ್ದ ನಾರು, ಹುಲ್ಲಿನ ಕಡ್ಡಿ ಹಾಗೇ ಕಾಣುತ್ತವೆ. ಒಂದು ಬೆರಳಿನ ಗೆಣ್ಣಿನಷ್ಟು ಉದ್ದದ ಕಡ್ಡಿ ತುಂಬಾ ಸಿಕ್ಕರೆ, ಒಳಗಿನ ಕೆಲಸಗಾರರು ಸುಸ್ತಾಗಿದ್ದಾರೆ ಅಂತಲೇ ಅರ್ಥ. ನೀರು ಸಾಲದಿದ್ದರೂ ಸಗಣಿ ಗಟ್ಟಿಯಾಗುತ್ತದೆ, ಹಾಗಾಗಿ ಮೊದಲು ತೊಟ್ಟಿ ನೋಡಿಕೊಂಡೇ ಈ ತೀರ್ಮಾನಕ್ಕೆ ಬನ್ನಿ.

ಸಾಧ್ಯವಿದ್ದರೆ ಮೇವನ್ನು ಪ್ರಯೋಗಾಲಯಕ್ಕೆ ಕಳಿಸಿ. ಮಾದರಿ ತೆಗೆಯುವಾಗ ಕುಡುಗೋಲಿನಿಂದ ಬುಡಕ್ಕೆ ಕೊಯ್ಯಬೇಡಿ. ಹಸು ಹಾಗೆ ಮೇಯುವುದಿಲ್ಲ, ಎಲೆ ಆರಿಸುತ್ತದೆ, ದಂಟು ಬಿಡುತ್ತದೆ. ದನದ ಹಿಂದೆ ಒಂದರ್ಧ ಗಂಟೆ ಓಡಾಡಿ, ಅದು ಬಾಯಿ ಹಾಕಿದ ಗಿಡದಿಂದ ಅಷ್ಟೇ ಎತ್ತರಕ್ಕೆ ಕೈಯಿಂದ ಕಿತ್ತು ಚೀಲಕ್ಕೆ ಹಾಕಿ. ಇಪ್ಪತ್ತು ಕಡೆಯಾದರೂ ಕೀಳಿ. ವರದಿ ಬಂದಾಗ ಎರಡು ಅಂಕಿ ನೋಡಿ: ಕಚ್ಚಾ ಪ್ರೋಟೀನ್ ಮತ್ತು ಒಟ್ಟು ಜೀರ್ಣವಾಗುವ ಪೋಷಕಾಂಶ, ಅಂದರೆ ಮೇವಿನಲ್ಲಿರುವ ಶಕ್ತಿಯ ಅಳತೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಉತ್ತರ 7–8ಕ್ಕಿಂತ ಜಾಸ್ತಿ ಬಂದರೆ ಹಿಂಡಿಗೆ ಫಲ ಸಿಗುತ್ತದೆ. ಉದಾಹರಣೆಗೆ 50ನ್ನು 5ರಿಂದ ಭಾಗಿಸಿದರೆ 10. ಇಂಥ ಮೇವಿನಲ್ಲಿ ಶಕ್ತಿ ಇದೆ, ಅದನ್ನು ಬಿಡಿಸಿಕೊಳ್ಳಲು ಬೇಕಾದ ಪ್ರೋಟೀನ್ ಇಲ್ಲ.

ಎರಡು ಸಂದರ್ಭದಲ್ಲಿ ಮಾತ್ರ ಹಿಂಡಿಯ ಚೀಲ ಬಿಚ್ಚಬೇಡಿ. ಒಂದು, ಎಳೆ ಹಸಿರು ಹುಲ್ಲು ಬೇಕಾದಷ್ಟು ಇದ್ದಾಗ. ಆಗ ಪ್ರೋಟೀನ್ ಆಗಲೇ ಮಿಕ್ಕಿರುತ್ತದೆ. ಮೇಲೆ ಇನ್ನೂ ಕೊಟ್ಟರೆ ಅಮೋನಿಯಾ ಆಗಿ, ಯಕೃತ್ತಿನಲ್ಲಿ ಯೂರಿಯಾ ಆಗಿ, ಮೂತ್ರದಲ್ಲಿ ಹೋಗುತ್ತದೆ, ಅದನ್ನು ಹೊರಹಾಕಲು ಹಸು ತನ್ನ ಶಕ್ತಿಯನ್ನೇ ಖರ್ಚು ಮಾಡಬೇಕು. ಎರಡು, ಹುಲ್ಲೇ ಇಲ್ಲದಿದ್ದಾಗ. ಹಿಂಡಿ ಹಸಿವು ಹೆಚ್ಚಿಸುತ್ತದೆ. ಹಸಿವು ಹೆಚ್ಚಿಸಿ ಬರಿ ನೆಲಕ್ಕೆ ಬಿಟ್ಟರೆ ಏನು ಬಂತು? ಅಲ್ಲಿ ಬೇಕಾಗಿರುವುದು ಮೇವು, ಇಲ್ಲವೇ ದನದ ಸಂಖ್ಯೆ ಕಡಿಮೆ ಮಾಡುವ ಯೋಚನೆ.

ಹೆಜ್ಜೆ 2: ತೂಕ ತಿಳಿದುಕೊಳ್ಳಿ

ತೂಕದ ಯಂತ್ರ ಎಲ್ಲರ ಹತ್ತಿರ ಇರುವುದಿಲ್ಲ. ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಆಮೇಲೆ ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕೆಜಿಯಲ್ಲಿ ಅಂದಾಜು ತೂಕ ಬರುತ್ತದೆ. ಸುತ್ತಳತೆ 174, ಉದ್ದ 143 ಇದ್ದರೆ ಸುಮಾರು 400 ಕೆಜಿ. ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ನಮ್ಮ ಲೆಕ್ಕಕ್ಕೆ ಅಷ್ಟು ಸಾಕು. ಈ 400 ಕೆಜಿ ಹಸುವನ್ನೇ ಮುಂದಕ್ಕೆ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹೆಜ್ಜೆ 3: ಚೀಲ ಆರಿಸುವುದು

ಸೋಯಾ ಹಿಂಡಿಯಲ್ಲಿ ಶೇ. 44–48 ಪ್ರೋಟೀನ್ ಇರುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಶೇ. 40–45ರ ಆಸುಪಾಸು. ಎಳ್ಳು, ಸಾಸಿವೆ ಹಿಂಡಿಗಳಲ್ಲಿ ಶೇ. 35ರ ಮೇಲೆ. ಹತ್ತಿಕಾಳು ಹಿಂಡಿಯಲ್ಲಿ ಸಿಪ್ಪೆ ಸೇರಿದೆಯೋ ಇಲ್ಲವೋ ಅನ್ನುವುದೇ ಎಲ್ಲ. ಸಿಪ್ಪೆ ಸಮೇತ ಅರೆದದ್ದರಲ್ಲಿ ಶೇ. 22–24, ಸಿಪ್ಪೆ ತೆಗೆದದ್ದರಲ್ಲಿ ಅದಕ್ಕಿಂತ ಬಹಳ ಜಾಸ್ತಿ. ಕೊಬ್ಬರಿ ಹಿಂಡಿ ಶೇ. 20ರ ಆಸುಪಾಸು. ಗೋಧಿ ಬೂಸಾ ಶೇ. 15ರ ಹತ್ತಿರ. ಮೆಕ್ಕೆಜೋಳ ಶೇ. 9 ಮಾತ್ರ.

ಬೆಲೆ ಹೋಲಿಸುವಾಗ ಚೀಲಕ್ಕೆ ಎಷ್ಟು ಅಂತ ಕೇಳಬೇಡಿ, ಪ್ರೋಟೀನಿನ ಕೆಜಿಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ. ಶೇ. 40ರ ಹಿಂಡಿಯ 50 ಕೆಜಿ ಚೀಲದಲ್ಲಿ 20 ಕೆಜಿ ಪ್ರೋಟೀನ್ ಇದೆ. ಶೇ. 16ರ ಮಿಶ್ರ ಪಶು ಆಹಾರದ ಅದೇ ಚೀಲದಲ್ಲಿ 8 ಕೆಜಿ. ಎರಡನೆಯದು ಅಗ್ಗ ಅಂತ ಕಂಡರೂ, ನಮಗೆ ಬೇಕಾದ ಸರಕು ಅದರಲ್ಲಿ ಅರ್ಧಕ್ಕಿಂತ ಕಡಿಮೆ.

ಕಾಳು ಹಾಕಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ನಾನೂ ಹಾಕಿ ನೋಡಿದವನೇ. ದನ ಸೊರಗಿದೆ, ಶಕ್ತಿ ಬರಲಿ ಅಂತ ಒಂದು ಬೇಸಿಗೆಯಲ್ಲಿ ದಿನಕ್ಕೆ ಮೂರು ಕೆಜಿ ಮೆಕ್ಕೆಜೋಳದ ನುಚ್ಚು ಸುರಿದೆ. ಹತ್ತು ದಿನದಲ್ಲಿ ಅವು ಹುಲ್ಲಿನ ಕಡೆಗೆ ಹೋಗುವುದನ್ನೇ ಬಿಟ್ಟವು. ಗೋದಲಿ ಹತ್ತಿರವೇ ನಿಂತು ನನ್ನ ದಾರಿ ಕಾಯುತ್ತಿದ್ದವು. ಸಗಣಿ ನೀರಾಯಿತು, ಹುಲ್ಲು ಹಾಗೇ ಉಳಿಯಿತು. ಆಗಿದ್ದಿಷ್ಟೇ: ಪಿಷ್ಟ ಜಾಸ್ತಿಯಾದಾಗ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ನಾರು ಒಡೆಯುವ ಬ್ಯಾಕ್ಟೀರಿಯಾಗಳಿಗೆ ಹುಳಿ ಆಗಿಬರುವುದಿಲ್ಲ, ಪಿಹೆಚ್ (ಹುಳಿಯ ಅಳತೆ, ಹುಳಿ ಏರಿದಷ್ಟೂ ಇದು ಇಳಿಯುತ್ತದೆ) ಸುಮಾರು 6ಕ್ಕಿಂತ ಇಳಿದರೆ ಅವು ಕೆಲಸ ನಿಲ್ಲಿಸುತ್ತವೆ. ಪಿಷ್ಟ ತಿನ್ನುವ ಬೇರೆ ಬ್ಯಾಕ್ಟೀರಿಯಾಗಳು ಇದ್ದಬದ್ದ ಸಾರಜನಕವನ್ನೂ ಬಾಚಿಕೊಳ್ಳುತ್ತವೆ. ಕಾಳು ಹುಲ್ಲಿನ ಜಾಗ ಹಿಡಿಯಿತೇ ಹೊರತು ಹುಲ್ಲನ್ನು ತಿನ್ನಿಸಲಿಲ್ಲ. ಪ್ರೋಟೀನ್ ಕೊರತೆ ಇರುವಾಗ ಬರೀ ಕಾಳನ್ನು ದೇಹದ ತೂಕದ ಶೇ. 0.3–0.4ಕ್ಕಿಂತ ಹೆಚ್ಚಿಗೆ ಕೊಡುವುದು ಕೈಯಾರೆ ನಷ್ಟ ಮಾಡಿಕೊಂಡಂತೆ.

ಹಿಂಡಿ ಕೊಳ್ಳುವಾಗ ಮೂಗಿಗೆ ಕೆಲಸ ಕೊಡಿ. ಕಡಲೆಕಾಯಿ ಹಿಂಡಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಆ ಶಿಲೀಂಧ್ರದಿಂದ ಬರುವ ಅಫ್ಲಾಟಾಕ್ಸಿನ್ ಯಕೃತ್ತು ಹಾಳುಮಾಡುತ್ತದೆ, ಹಾಲಿಗೂ ಇಳಿಯುತ್ತದೆ. ಮುಗ್ಗಲು ವಾಸನೆ ಬಂದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬಿಸಿಲಲ್ಲಿ ಒಣಗಿಸಿದರೆ ಬೂಷ್ಟು ಕಾಣದಂತಾಗಬಹುದು, ವಿಷ ಮಾತ್ರ ಅಲ್ಲೇ ಇರುತ್ತದೆ. ಹತ್ತಿಕಾಳು ಹಿಂಡಿಯಲ್ಲಿ ಗಾಸಿಪಾಲ್ ಅನ್ನುವ ವಿಷದ ಅಂಶ ಇದೆ. ದೊಡ್ಡ ದನದ ರುಮೆನ್ ಅದನ್ನು ತಕ್ಕಮಟ್ಟಿಗೆ ಪಳಗಿಸುತ್ತದೆ, ಎಳೆ ಕರುವಿಗೆ ಆ ಶಕ್ತಿ ಇಲ್ಲ. ಕರುಗಳಿಗೆ ಬೇರೆ ಹಿಂಡಿ ನೋಡಿ. ಗಾಣದ ಹಿಂಡಿಯಲ್ಲಿ ಎಣ್ಣೆ ಸ್ವಲ್ಪ ಉಳಿದಿರುತ್ತದೆ, ಅದರಿಂದ ತೊಂದರೆ ಇಲ್ಲ. ಆದರೆ ದಿನದ ಒಟ್ಟು ಮೇವಿನಲ್ಲಿ ಕೊಬ್ಬಿನಂಶ ಶೇ. 6 ದಾಟಿದರೆ ನಾರು ಜೀರ್ಣವಾಗುವುದು ಮತ್ತೆ ಕುಂಟುತ್ತದೆ.

ಹೆಜ್ಜೆ 4: ಎಷ್ಟು ಕೊಡಬೇಕು

ನಮ್ಮ 400 ಕೆಜಿ ಹಸು ಶೇ. 5 ಪ್ರೋಟೀನ್ ಇರುವ ಒಣಹುಲ್ಲು ಮೇಯುತ್ತಿದೆ. ಇಂಥ ಹುಲ್ಲನ್ನು ಅದು ದೇಹತೂಕದ ಶೇ. 1.5ರಷ್ಟು, ಅಂದರೆ 6 ಕೆಜಿ ಒಣ ತೂಕ ತಿನ್ನಬಹುದು. ಅದರಿಂದ ಸಿಗುವ ಪ್ರೋಟೀನ್ 300 ಗ್ರಾಂ.

ಈಗ ಶೇ. 38ರ ಹಿಂಡಿ ಅರ್ಧ ಕೆಜಿ ಕೊಡಿ. ಹಿಂಡಿಯಿಂದ 190 ಗ್ರಾಂ ಬಂತು. ಹುಲ್ಲು ತಿನ್ನುವುದು 7 ಕೆಜಿಗೆ ಏರಿತು ಅಂತ ಅಂದಾಜು ಮಾಡಿದರೆ ಅದರಿಂದ 350. ಒಟ್ಟು 540 ಗ್ರಾಂ. ಒಟ್ಟು ಒಣ ತೂಕ ಸುಮಾರು ಏಳೂವರೆ ಕೆಜಿ. ಅಲ್ಲಿಗೆ ಶೇ. 7 ದಾಟಿತು. ಹಾಲು ಬತ್ತಿದ, ಗಬ್ಬ ಇನ್ನೂ ಎಳೆಯದಾಗಿರುವ ಹಸುವಿಗೆ ಇಷ್ಟೇ ಸಾಕಾಗಬಹುದು. ಒಂದು ಕೆಜಿ ಕೊಟ್ಟು, ಹುಲ್ಲು ಏಳೂವರೆ ಕೆಜಿ ಆದರೆ ಒಟ್ಟು 755 ಗ್ರಾಂ, ಶೇ. 9ರ ಹತ್ತಿರ. ಗಬ್ಬದ ಕೊನೆಯ ಮೂರು ತಿಂಗಳಲ್ಲಿ, ಬೆಳೆಯುವ ಕಡಸಿಗೆ, ಕರು ಕುಡಿಸುವ ಹಸುವಿಗೆ ಈ ಕಡೆಗೆ ಹೋಗಬೇಕು. ಹಾಲು ಜಾಸ್ತಿ ಕರೆಯುವ ಹಸುವಿನ ಲೆಕ್ಕವೇ ಬೇರೆ, ಅದಕ್ಕೆ ಒಣಹುಲ್ಲು ಮತ್ತು ಹಿಂಡಿ ಎರಡರಿಂದಲೇ ಆಗುವುದಿಲ್ಲ.

ಒಟ್ಟಿನಲ್ಲಿ ಗಟ್ಟಿ ಪ್ರೋಟೀನಿನ ಹಿಂಡಿಯಾದರೆ ದೇಹತೂಕದ ಶೇ. 0.1ರಿಂದ 0.3ರವರೆಗೆ. ಅದೇ 190 ಗ್ರಾಂ ಪ್ರೋಟೀನನ್ನು ಬೂಸಾದಿಂದ ಕೊಡಬೇಕಾದರೆ ಒಂದೂಕಾಲು ಕೆಜಿ ಬೇಕು. ಮೆಕ್ಕೆಜೋಳದಿಂದಾದರೆ ಎರಡು ಕೆಜಿಗೂ ಮೇಲೆ. ಅಷ್ಟು ಪಿಷ್ಟ ಹೋದರೆ ನನ್ನ ಹಳೇ ಕಥೆಯೇ ಮತ್ತೆ.

ಮೊದಲ ಅರ್ಧ ಕೆಜಿಗೆ ಸಿಗುವ ಫಲವೇ ದೊಡ್ಡದು. ಎರಡನೇ ಕೆಜಿಗೆ ಅಷ್ಟು ಸಿಗುವುದಿಲ್ಲ. ಹಾಗಾಗಿ ಕೈ ಬಿಗಿ ಇದ್ದರೆ ನಾಲ್ಕು ಹಸುವಿಗೆ ಎರಡೆರಡು ಕೆಜಿ ಸುರಿಯುವುದಕ್ಕಿಂತ ಹದಿನಾರಕ್ಕೂ ಅರ್ಧರ್ಧ ಕೆಜಿ ಕೊಡುವುದೇ ಜಾಣತನ.

ಹೆಜ್ಜೆ 5: ಕೊಡುವ ರೀತಿ

ಮೊದಲ ದಿನವೇ ಪೂರ್ತಿ ಬೇಡ. ಕಾಲುಭಾಗದಿಂದ ಶುರುಮಾಡಿ ವಾರ ಹತ್ತು ದಿನದಲ್ಲಿ ಪೂರ್ತಿಗೆ ಬನ್ನಿ.

ಹೊತ್ತು ಮುಖ್ಯ. ದನ ಹೆಚ್ಚು ಮೇಯುವುದು ಬೆಳಗಿನ ತಂಪಿನಲ್ಲಿ ಮತ್ತು ಸಂಜೆ ಇಳಿಹೊತ್ತಿನಲ್ಲಿ. ಆ ಹೊತ್ತಲ್ಲಿ ಬಕೆಟ್ ಹಿಡಿದು ಹೋದರೆ ಮೇಯುವುದನ್ನು ಬಿಟ್ಟು ಓಡಿಬರುತ್ತವೆ. ನಾಲ್ಕು ದಿನ ಹಾಗೆ ಮಾಡಿದರೆ ಐದನೇ ದಿನ ಬಾಗಿಲಲ್ಲೇ ಕಾಯುತ್ತವೆ, ಬೆಳಗಿನ ಮೇವು ಹೋಯಿತು. ಅವು ಹೇಗೂ ಮಲಗಿ ಮೆಲುಕು ಹಾಕುವ ಮಧ್ಯಾಹ್ನದ ಹೊತ್ತಿಗೆ ಕೊಡಿ. ಹುಲ್ಲುಗಾವಲು ದೊಡ್ಡದಿದ್ದರೆ ತೊಟ್ಟಿಯನ್ನು ನೀರಿನ ಹತ್ತಿರ ಇಡಬೇಡಿ. ದನ ಹೋಗದೇ ಉಳಿದ ಮೂಲೆಯಲ್ಲಿ ಇಡಿ, ಹಿಂಡಿಯ ಆಸೆಗೆ ಅಲ್ಲಿಯ ಹುಲ್ಲೂ ಖರ್ಚಾಗುತ್ತದೆ.

ಪ್ರತಿ ದೊಡ್ಡ ದನಕ್ಕೆ 60–75 ಸೆಂಟಿಮೀಟರ್ ಜಾಗ ಸಿಗುವಷ್ಟು ಉದ್ದದ ತೊಟ್ಟಿ ಬೇಕು. ಇಲ್ಲವಾದರೆ ಜೋರಿನ ಹಸು ಮೂರು ಪಾಲು ತಿನ್ನುತ್ತದೆ, ಯಾವುದಕ್ಕೆ ನಿಜವಾಗಿ ಬೇಕೋ ಅದು ದೂರ ನಿಂತು ನೋಡುತ್ತದೆ. ಕಡಸುಗಳನ್ನೂ ಬಡವಾದವನ್ನೂ ಬೇರೆ ಮಾಡಿ ಕೊಡಿ. ನೆನೆಸುವುದು ನಿಮ್ಮಿಷ್ಟ. ಗಟ್ಟಿ ಬಿಲ್ಲೆ ಮೆತ್ತಗಾಗಲು ಒಂದೆರಡು ಗಂಟೆ ಸಾಕು, ರಾತ್ರಿಯಿಡೀ ನೆನೆಸಿದರೆ ಬೇಸಿಗೆಯಲ್ಲಿ ಹುಳಿಯಾಗುತ್ತದೆ.

ಒಂದು ಒಳ್ಳೆ ಸುದ್ದಿ: ಹಿಂಡಿಯನ್ನು ದಿನಾ ಕೊಡಲೇಬೇಕು ಅಂತಿಲ್ಲ. ಮಿಕ್ಕ ಸಾರಜನಕವನ್ನು ಹಸು ರಕ್ತದಲ್ಲಿ ಯೂರಿಯಾ ಮಾಡಿ, ಜೊಲ್ಲಿನ ಮೂಲಕ, ಹೊಟ್ಟೆಯ ಗೋಡೆಯ ಮೂಲಕ ಮತ್ತೆ ರುಮೆನ್‌ಗೇ ಕಳಿಸುತ್ತದೆ. ಹಾಗಾಗಿ ದೊಡ್ಡ ಹಸುಗಳಿಗೆ ವಾರದ ಪಾಲನ್ನು ಎರಡು ಮೂರು ಸಲಕ್ಕೆ ಹಂಚಿ ಕೊಟ್ಟರೂ ಫಲ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ದಿನಕ್ಕೆ ಅರ್ಧ ಕೆಜಿ ಅಂದರೆ ವಾರಕ್ಕೆ ಮೂರೂವರೆ. ಅದನ್ನು ಮೂರು ದಿನಕ್ಕೆ ಹಂಚಿದರೆ ಸಲಕ್ಕೆ 1.2 ಕೆಜಿಯ ಹತ್ತಿರ. ನಿಮ್ಮ ನಾಲ್ಕು ದಿನದ ಓಡಾಟ ಉಳಿಯಿತು. ಒಂದೇ ಸಲ ಜಾಸ್ತಿ ಸುರಿಯುವುದರಿಂದ ಜೋರಿನ ಹಸು ಕಸಿದುಕೊಳ್ಳುವುದೂ ಕಡಿಮೆಯಾಗುತ್ತದೆ. ಆದರೆ ಈ ಸ್ವಾತಂತ್ರ್ಯ ಎಣ್ಣೆಕಾಳಿನ ಹಿಂಡಿಗೆ ಮಾತ್ರ. ಕಾಳಿಗೂ ಇಲ್ಲ, ಪ್ರೋಟೀನ್ ಲೆಕ್ಕಕ್ಕೆ ಹಿಂಡಿಯಲ್ಲಿ ಬೆರೆಸಿ ಕೊಡುವ ಯೂರಿಯಾಕ್ಕಂತೂ ಇಲ್ಲವೇ ಇಲ್ಲ.

ಯೂರಿಯಾ ಬಗ್ಗೆ ಸ್ವಲ್ಪ ನಿಧಾನವಾಗಿ

ಯೂರಿಯಾದಲ್ಲಿ ಶೇ. 46 ಸಾರಜನಕ. ಪ್ರೋಟೀನ್ ಲೆಕ್ಕಕ್ಕೆ ಅದನ್ನು 6.25ರಿಂದ ಗುಣಿಸಿದರೆ ಶೇ. 287 ಬರುತ್ತದೆ. ಕಾಗದದ ಮೇಲೆ ಇಷ್ಟು ಅಗ್ಗದ ಪ್ರೋಟೀನ್ ಇನ್ನೊಂದಿಲ್ಲ. ಅದಕ್ಕೇ ಆಸೆಯಾಗುತ್ತದೆ, ಅದಕ್ಕೇ ದನ ಸಾಯುತ್ತವೆ.

ರುಮೆನ್‌ನಲ್ಲಿ ಯೂರಿಯಾ ಕೆಲವೇ ನಿಮಿಷದಲ್ಲಿ ಅಮೋನಿಯಾ ಆಗುತ್ತದೆ. ಅದನ್ನು ಹಿಡಿದುಕೊಳ್ಳುವಷ್ಟು ಸೂಕ್ಷ್ಮಜೀವಿಗಳೂ ಅವಕ್ಕೆ ಬೇಕಾದ ಶಕ್ತಿಯೂ ಆ ಹೊತ್ತಿಗೆ ಅಲ್ಲಿಲ್ಲದಿದ್ದರೆ ಅಮೋನಿಯಾ ರಕ್ತಕ್ಕೆ ನುಗ್ಗುತ್ತದೆ. ಹಾಗಾಗಿ ಮಿತಿ ಖಡಾಖಂಡಿತ: ದಿನದ ಒಟ್ಟು ಮೇವಿನ ಒಣ ತೂಕದ ಶೇ. 1 ಮೀರಬಾರದು. ನಮ್ಮ ಹಸುವಿಗೆ ಅದು 70 ಗ್ರಾಂ, ಆದರೆ ನಾನು 40–50 ಗ್ರಾಂ ದಾಟುವುದಿಲ್ಲ. ಎರಡು ಮೂರು ವಾರ ಸ್ವಲ್ಪ ಸ್ವಲ್ಪವೇ ಏರಿಸಿ ರೂಢಿ ಮಾಡಿಸಬೇಕು. ನಡುವೆ ಎರಡು ದಿನ ತಪ್ಪಿದರೆ ಮತ್ತೆ ಮೊದಲಿನಿಂದ. ಹಿಂಡಿಯಲ್ಲಿ ಒಂದೇ ಸಮ ಬೆರೆಯಬೇಕು, ಒಂದು ಗಂಟು ಸಿಕ್ಕ ಹಸು ಉಳಿಯುವುದು ಕಷ್ಟ. ಬೆಲ್ಲದ ಮಡ್ಡಿಯಂಥ ಶಕ್ತಿಯ ಮೂಲ, ಸ್ವಲ್ಪ ಗಂಧಕ ಜೊತೆಗಿರಬೇಕು. ಬೇಯಿಸದ ಸೋಯಾಕಾಳಿನ ಜೊತೆ ಬೆರೆಸಬೇಡಿ, ಅದರಲ್ಲಿರುವ ಕಿಣ್ವ ಯೂರಿಯಾವನ್ನು ಇನ್ನೂ ಬೇಗ ಒಡೆಯುತ್ತದೆ. ಆರು ತಿಂಗಳಿನೊಳಗಿನ ಕರುವಿಗೆ, ಹಸಿದು ಬಂದ ದನಕ್ಕೆ, ಕುದುರೆಗೆ ಬೇಡವೇ ಬೇಡ. ತೊಟ್ಟಿಗೆ ಮಳೆನೀರು ಬೀಳದ ಹಾಗೆ ಮುಚ್ಚಿಗೆ ಇರಲಿ. ಯೂರಿಯಾ ಕರಗಿದ ನೀರನ್ನು ಹಸು ಒಂದೇ ಗುಟುಕಿಗೆ ಹೀರಿಬಿಡುತ್ತದೆ.

ವಿಷವೇರಿದರೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಗೊತ್ತಾಗುತ್ತದೆ. ಮೈ ನಡುಕ, ನೊರೆ ಜೊಲ್ಲು, ತೂರಾಡುವ ನಡಿಗೆ, ಏದುಸಿರು, ಹೊಟ್ಟೆ ಉಬ್ಬರ. ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಚಿಕಿತ್ಸೆ ಅಂದರೆ 20–40 ಲೀಟರ್ ತಣ್ಣೀರು, ಜೊತೆಗೆ ಕೆಲವು ಲೀಟರ್ ವಿನೆಗರ್ ಹೊಟ್ಟೆಗೆ ಇಳಿಸುವುದು. ಅದನ್ನು ನಳಿಕೆ ಹಾಕಲು ಗೊತ್ತಿದ್ದವರೇ ಮಾಡಬೇಕು, ತೂರಾಡುವ ಹಸುವಿನ ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ನಿಜ ಹೇಳಬೇಕೆಂದರೆ, ದಿನಾ ತೂಕ ಮಾಡಿ ಬೆರೆಸುವ ತಾಳ್ಮೆ ಇಲ್ಲದವರು ಯೂರಿಯಾ ಮುಟ್ಟದಿರುವುದೇ ವಾಸಿ. ಕಾರ್ಖಾನೆಯಲ್ಲಿ ಯೂರಿಯಾ ಬೆರೆಸಿ ಮಾಡಿದ, ದನ ನೆಕ್ಕುವ ಬಿಲ್ಲೆ ಬಳಸಿದರೂ, ಅದು ಮಳೆಯಲ್ಲಿ ಕರಗದಂತೆ, ದನ ಕಚ್ಚಿ ತಿನ್ನದಂತೆ ನೋಡಿಕೊಳ್ಳಿ.

ಹೆಜ್ಜೆ 6: ನೀರು, ಉಪ್ಪು, ಖನಿಜ

ಒಣಹುಲ್ಲು ಜಾಸ್ತಿ ತಿಂದರೆ ನೀರೂ ಜಾಸ್ತಿ ಬೇಕು. ಬಿಸಿಲಲ್ಲಿ ದೊಡ್ಡ ಹಸು ದಿನಕ್ಕೆ 40–60 ಲೀಟರ್ ಕುಡಿಯುವುದು ಮಾಮೂಲು. ಬಲಿತ ಹುಲ್ಲಿನಲ್ಲಿ ರಂಜಕವೂ ಕಡಿಮೆ, ಆದ್ದರಿಂದ ಖನಿಜ ಮಿಶ್ರಣ ಮತ್ತು ಉಪ್ಪು ಯಾವಾಗಲೂ ಸಿಗುವಂತಿರಲಿ.

ಹೆಜ್ಜೆ 7: ಕಣ್ಣಿಟ್ಟಿರಿ, ಸಮಯಕ್ಕೆ ನಿಲ್ಲಿಸಿ

ಮೊದಲು ಬದಲಾಗುವುದು ಸಗಣಿ. ಒಂದೆರಡು ವಾರದಲ್ಲಿ ಬಳೆಗಳು ಮಾಯವಾಗಿ ಹರಡತೊಡಗುತ್ತದೆ, ಕಡ್ಡಿ ಸಣ್ಣದಾಗುತ್ತದೆ. ಅದೇ ಹೊತ್ತಿಗೆ ಮಧ್ಯಾಹ್ನದ ನಿದ್ದೆ ಬೇಗ ಮುಗಿದು ದನ ಮೇಯಲು ಏಳುತ್ತವೆ. ಮೈ ತುಂಬುವುದು ಕಾಣಲು ತಿಂಗಳು, ಒಂದೂವರೆ ತಿಂಗಳು ಬೇಕು. ಪ್ರತಿ ಹದಿನೈದು ದಿನಕ್ಕೊಮ್ಮೆ ಅದೇ ಮೂರ್ನಾಲ್ಕು ಹಸುವಿನ ಸುತ್ತಳತೆ ತೆಗೆದು ಬರೆದಿಡಿ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮೂರು ವಾರವಾದರೂ ಸಗಣಿ ಬದಲಾಗದಿದ್ದರೆ ಹಿಂಡಿ ಹೆಚ್ಚಿಸುವ ಮೊದಲು ತೊಟ್ಟಿಯ ಹತ್ತಿರ ಒಂದು ಹೊತ್ತು ಸುಮ್ನೆ ನಿಂತು ನೋಡಿ. ಯಾವ ಹಸುವಿಗೆ ಸಿಗುತ್ತಿದೆ, ಯಾವುದಕ್ಕೆ ಇಲ್ಲ? ಹಾಗೇ ಹಿಂಡಿಯ ಪ್ರೋಟೀನನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಒಂದು ಸಲ ನಾನು ತಂದ ಹತ್ತಿಕಾಳು ಹಿಂಡಿಯಲ್ಲಿ ಸಿಪ್ಪೆಯೇ ಜಾಸ್ತಿ ಇತ್ತು, ದುಡ್ಡು ಕೊಟ್ಟು ಹೊಟ್ಟು ತಿನ್ನಿಸಿದ ಹಾಗಾಯಿತು. ಆಮೇಲಿಂದ ಚೀಲ ಬಿಚ್ಚಿದಾಗೆಲ್ಲ ಒಂದು ಹಿಡಿ ನೀರಿಗೆ ಹಾಕಿ ಕಲಕಿ ನೋಡುತ್ತೇನೆ, ಮರಳಿದ್ದರೆ ತಳಕ್ಕೆ ಕೂರುತ್ತದೆ, ಸಿಪ್ಪೆ ಮೇಲೆ ತೇಲುತ್ತದೆ.

ಮೊದಲ ಮಳೆಗೆ ಹಸಿರು ಚಿಗುರಿದ ಕೂಡಲೇ ನಿಲ್ಲಿಸಬೇಡಿ. ಆಗ ದನ ಒಣಹುಲ್ಲು ಬಿಟ್ಟು, ಬೆರಳುದ್ದ ಚಿಗುರಿನ ಹಿಂದೆ ದಿನವಿಡೀ ಓಡಾಡುತ್ತವೆ. ಹೊಟ್ಟೆಗೆ ಹೋಗುವುದು ಬರೀ ನೀರು. ಚಿಗುರು ಬಾಯಿ ತುಂಬ ಸಿಗುವಷ್ಟು ಬೆಳೆದು, ಸಗಣಿ ತಾನಾಗಿ ಮೆತ್ತಗಾದ ಮೇಲೆ ಒಂದು ವಾರದಲ್ಲಿ ಇಳಿಸುತ್ತಾ ಬನ್ನಿ. ಉಳಿದ ಚೀಲವನ್ನು ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ. ಮಳೆಗಾಲದ ತೇವಕ್ಕೆ ಅದನ್ನು ಮುಂದಿನ ಬೇಸಿಗೆವರೆಗೆ ಉಳಿಸುವುದು ಆಗದ ಮಾತು, ಕರು ಕುಡಿಸುವ ಹಸುಗಳಿಗೆ ದಿನಕ್ಕೆ ಒಂದು ಹಿಡಿಯಂತೆ ಕೊಟ್ಟು ಮುಗಿಸಿಬಿಡಿ.